ಅಶ್ವಗಂಧದ ಬೇರಿನಲ್ಲಿ ಏನಿದೆ?

ಬದನೆಕಾಯಿ, ಆಲೂಗೆಡ್ಡೆ, ಟೊಮೇಟೊ, ಮೆಣಸಿನಕಾಯಿ ಇವು ನಾಲ್ಕೂ ನಿಮ್ಮ ಅಡಿಗೆಯ ಮನೆಯಲ್ಲಿ ಇದ್ದೇ ಇರುತ್ತವೆ. ಹೊಗೆಸೊಪ್ಪು ಬೀದಿಯ ಅಂಗಡಿಯಲ್ಲಿದೆ. ಉಮ್ಮತ್ತಿ ಊರಾಚೆಯ ತಿಪ್ಪೆಯ ಮಗ್ಗುಲಲ್ಲಿದೆ. ನೋಟಕ್ಕೆ ಇವುಗಳಲ್ಲಿ ಒಂದಕ್ಕೊಂದು ನಂಟು ಕಾಣದು. ಆದರೆ ಸಸ್ಯಶಾಸ್ತ್ರಜ್ಞರು ಇವೆಲ್ಲವನ್ನೂ ಬದನೆಯ ಕುಟುಂಬವೆಂಬ ಒಂದೇ ಮನೆತನಕ್ಕೆ ಸೇರಿಸುತ್ತಾರೆ. ಊಟಕ್ಕೆ ಒದಗುವುದೂ ಈ ಮನೆತನದಲ್ಲಿದೆ. ಬುದ್ಧಿಯನ್ನು ಕೆಡಿಸುವ ವಿಷವೂ ಇದೆ. ಇವೆರಡರ ನಡುವೆ ಮದ್ದೆಂದು ಹೆಸರಾದ ಒಂದು ಗಿಡವಿದೆ. ಅದೇ ಅಶ್ವಗಂಧ, ನಮ್ಮ ಕಡೆ ಹಿರೇಮದ್ದು.

ಇದನ್ನು ಕುರಿತು ಬರೆಯಲು ಒಂದು ಕಾರಣವುಂಟು. ನನ್ನ ಸಹೋದ್ಯೋಗಿಗಳೊಬ್ಬರು ಥೈರಾಯ್ಡ್ ಗ್ರಂಥಿಯ ತೊಂದರೆಗೆ ಹಲವು ವರ್ಷಗಳಿಂದ ಗುಳಿಗೆ ಸೇವಿಸುತ್ತಿದ್ದರು. ಯಾರೋ ಹೇಳಿದರೆಂದು ಗ್ರಂದಿಗೆ ಅಂಗಡಿಯಿಂದ ಅಶ್ವಗಂಧದ ಪುಡಿ ತಂದು ರಾತ್ರಿ ಹಾಲಿನೊಡನೆ ಕುಡಿಯತೊಡಗಿದರು. ಕೆಲವು ವಾರಗಳಲ್ಲಿ ಎದೆ ಡವಗುಟ್ಟುವುದು, ಕೈ ನಡುಗುವುದು ಮೊದಲಾಯಿತು. ವೈದ್ಯರು ಕೇಳಿದಾಗ, “ಬೇರೆ ಔಷಧಿ ಏನೂ ಇಲ್ಲ” ಎಂದೇ ಉತ್ತರಿಸಿದರು. ಬೇರಿನ ಪುಡಿಯನ್ನು ಔಷಧಿಯೆಂದು ಅವರು ಎಣಿಸಿಯೇ ಇರಲಿಲ್ಲ! ನಮ್ಮಲ್ಲಿ ಅನೇಕರ ಎಣಿಕೆಯೂ ಇದೇ ಅಲ್ಲವೆ?

ಮೊದಲು ಹೆಸರನ್ನು ನೋಡೋಣ. ಅಶ್ವವೆಂದರೆ ಕುದುರೆ, ಹಸಿಯ ಬೇರಿಗೆ ಕುದುರೆಯ ಮೈಯ ವಾಸನೆಯುಂಟೆಂದು ಈ ಹೆಸರು ಬಂದಿತು. ವಾಜಿಗಂಧಾ, ಹಯಗಂಧಾ ಎಂಬ ಪರ್ಯಾಯಗಳ ಅರ್ಥವೂ ಅದೇ. ಚರಕಸಂಹಿತೆಯು ಇದನ್ನು ಬಲ ಕೊಡುವ ‘ಬಲ್ಯ’ ಗಣದಲ್ಲೂ ಮೈ ತುಂಬಿಸುವ ‘ಬೃಂಹಣೀಯ’ ಗಣದಲ್ಲೂ ಎಣಿಸಿದೆ. ಆದರೆ 1753ರಲ್ಲಿ ಲಿನೇಯಸ್ ಪಂಡಿತನು ಈ ಗಿಡಕ್ಕೆ ಇಟ್ಟ ಲ್ಯಾಟಿನ್ ಹೆಸರಿನ ‘ಸೋಮ್ನಿಫೆರಾ’ ಎಂಬ ಪದಕ್ಕೆ ನಿದ್ರೆಯನ್ನು ತರುವುದು ಎಂದರ್ಥ. ಒಬ್ಬರು ಬಲವೆಂದರು, ಇನ್ನೊಬ್ಬರು ನಿದ್ರೆಯೆಂದರು.

ಗಿಡ ಮೊಳಕಾಲಿನಿಂದ ಎದೆಯ ಮಟ್ಟದವರೆಗೆ ಬೆಳೆಯುತ್ತದೆ. ಮೈಮೇಲೆ ಬೂದುಬಣ್ಣದ ನವುರು ರೋಮ. ಹಸುರು ಛಾಯೆಯ ಪುಟ್ಟ ಹೂ. ಕಾಗದದಂತಹ ಹೊದಿಕೆಯೊಳಗೆ ಕೆಂಪಾದ ಹಣ್ಣು. ಒಣ ಹವೆಯಲ್ಲಿ ಚೆನ್ನಾಗಿ ಬರುವುದರಿಂದ ಮಧ್ಯಪ್ರದೇಶದ ನೀಮಚ್, ಮಂದ್‌ಸೌರ್ ಪ್ರಾಂತಗಳಲ್ಲಿ ಹೇರಳವಾಗಿ ಬೆಳೆಯುತ್ತಾರೆ. ಆರು ತಿಂಗಳಿಗೆ ಬೇರು ಕೀಳಲು ಬರುತ್ತದೆ.

ಇನ್ನು ಅದರ ಸತ್ವದ ಮಾತು. ಈ ಗಿಡದಲ್ಲಿ ಹಲವು ಆಲ್ಕಲಾಯ್ಡ್‌ಗಳಿವೆ. ಅದಕ್ಕಿಂತ ಮುಖ್ಯವಾಗಿ ವಿಥನೊಲೈಡ್ ಎಂಬ ವಸ್ತುಗಳ ಒಂದು ಗುಂಪೇ ಇದೆ. ನಮ್ಮ ಶರೀರದ ಹಲವು ಹಾರ್ಮೋನುಗಳಿಗೆ ಆಧಾರವಾದ ಸ್ಟಿರಾಯ್ಡ್ ಚೌಕಟ್ಟು ಇವುಗಳಲ್ಲಿಯೂ ಉಂಟು. ಇವುಗಳಲ್ಲಿ ವಿಥಫೆರಿನ್-ಎ ಎಂಬುದರ ರಚನೆಯನ್ನು ಇಸ್ರೇಲಿನ ಡೇವಿಡ್ ಲಾವೀ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಇದು ಕ್ಯಾನ್ಸರಿನ ಜೀವಕೋಶಗಳನ್ನು ಕೊಲ್ಲುತ್ತದೆ. ಹಾಗೆಂದು ಇದು ಕ್ಯಾನ್ಸರಿನ ಮದ್ದೆಂದು ಹೇಳುವಂತಿಲ್ಲ. ಕೋಶವನ್ನು ಕೊಲ್ಲಬಲ್ಲ ವಸ್ತು ಒಳ್ಳೆಯ ಕೋಶಕ್ಕೂ ಕೇಡು ಮಾಡೀತು. ಈ ವಿಥಫೆರಿನ್ ಬೇರಿಗಿಂತ ಎಲೆಯಲ್ಲಿ ಹೆಚ್ಚು. ಹೊಟ್ಟೆಗೆ ತೆಗೆದುಕೊಳ್ಳಲು ನಮ್ಮ ವೈದ್ಯರು ಬಹುವಾಗಿ ಬಳಸಿದುದಾದರೋ ಬೇರನ್ನು. ಎಲೆ ಬೇರಿಗಿಂತ ಅಗ್ಗವಾದುದರಿಂದ ಅದನ್ನು ಔಷಧಿಗೆ ಬೆರೆಸುವುದುಂಟು. ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯವು 2021ರಲ್ಲಿ ಎಲೆಯನ್ನು ಬಳಸಬಾರದೆಂದು ತಯಾರಕರಿಗೆ ಸೂಚನೆ ಕೊಟ್ಟಿತು.

ಬೇರಿನ ಗುಣವನ್ನು ಮನುಷ್ಯರಲ್ಲಿ ಪರೀಕ್ಷಿಸಿದ್ದಾರೆಯೆ? ಪರೀಕ್ಷಿಸಿದ್ದಾರೆ. 2012ರಲ್ಲಿ ಪ್ರಕಟವಾದ ಹೈದರಾಬಾದಿನ ಪ್ರಯೋಗವೊಂದರಲ್ಲಿ ಮನಸ್ಸಿನ ಒತ್ತಡದಿಂದ ಬಳಲುತ್ತಿದ್ದ 64 ಮಂದಿ ಇದ್ದರು. ಕೆಲವರಿಗೆ ಬೇರಿನ ಸಾರವನ್ನು 300 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಉಳಿದವರಿಗೆ ಅದರಂತೆಯೇ ಕಾಣುವ ಹುಸಿಮದ್ದನ್ನು 60 ದಿನ ಕೊಟ್ಟರು. ಮದ್ದು ಸಿಕ್ಕಿತೆಂಬ ನಂಬಿಕೆಯೇ ಅರ್ಧ ಗುಣ ಮಾಡುವುದುಂಟಲ್ಲ, ಅದಕ್ಕಾಗಿ ಈ ಏರ್ಪಾಡು. ಒತ್ತಡ ಹೆಚ್ಚಿದಾಗ ರಕ್ತದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಬೇರು ಸೇವಿಸಿದವರಲ್ಲಿ ಶೇಕಡಾ 28ರಷ್ಟು, ಹುಸಿಮದ್ದಿನವರಲ್ಲಿ ಶೇಕಡಾ 8ರಷ್ಟು ಇಳಿದಿತ್ತು. ಫಲ ಒಳ್ಳೆಯದೇ. ಆದರೆ ಜನ 64, ಕಾಲ ಎರಡೇ ತಿಂಗಳು ಎಂಬುದನ್ನು ಮರೆಯಬಾರದು. ನಿದ್ರೆಯ ವಿಚಾರವಾಗಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾನಿಲಯದವರು 2017ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ನಿದ್ರೆ ಬರಿಸಿದುದು ವಿಥನೊಲೈಡ್ ಅಲ್ಲ, ಎಲೆಯಿಂದ ದೊರೆತ ಬೇರೊಂದು ವಸ್ತು ಎಂದು ಕಂಡಿತು. ಒಂದು ಗಿಡದ ಗುಣವೆಲ್ಲ ಒಂದೇ ವಸ್ತುವಿನಿಂದ ಬಂದಿರಬೇಕೆಂಬ ನಿಯಮವಿಲ್ಲ.

ಈಗ ನನ್ನ ಸಹೋದ್ಯೋಗಿಗಳ ವಿಚಾರಕ್ಕೆ ಬರೋಣ. ಥೈರಾಯ್ಡ್ ಗ್ರಂಥಿ ಸ್ವಲ್ಪ ಮಂದವಾಗಿದ್ದ 50 ಜನರಿಗೆ ಎಂಟು ವಾರ ನಡೆಸಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಬೇರಿನ ಸಾರವನ್ನು ಸೇವಿಸಿದವರ ರಕ್ತದಲ್ಲಿ ಆ ಗ್ರಂಥಿಯ ಹಾರ್ಮೋನು ಏರಿತ್ತು. ಗುಳಿಗೆಯೂ ಅದನ್ನೇ ಏರಿಸುವಂಥದು. ಎರಡೂ ಕೂಡಿದರೆ ಅಳತೆ ಮೀರುವುದು ಸಹಜ. ಪುಡಿಯ ಸಂಗತಿ ತಿಳಿದೊಡನೆ ವೈದ್ಯರು ಅದನ್ನು ನಿಲ್ಲಿಸಿ ರಕ್ತವನ್ನು ಮತ್ತೆ ಪರೀಕ್ಷಿಸಿದರು. ಅವರು ಈಗ ಸುಖವಾಗಿದ್ದಾರೆ.

ಇನ್ನೊಂದು ಎಚ್ಚರಿಕೆ. ಐಸ್‌ಲೆಂಡ್ ಮತ್ತು ಅಮೆರಿಕದಲ್ಲಿ ಅಶ್ವಗಂಧ ಸೇವಿಸಿದ ಐದು ಮಂದಿಗೆ ಯಕೃತ್ತು ಕೆಟ್ಟು ಕಾಮಾಲೆಯಾದುದನ್ನು ಅಲ್ಲಿನ ವೈದ್ಯರು 2020ರಲ್ಲಿ ವರದಿ ಮಾಡಿದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಇಂಥದು ವಿರಳವೇ, ಆದರೂ ಕಣ್ಣು ಹಳದಿಯಾದರೆ, ಮೈ ನವೆಯೆದ್ದರೆ ಒಡನೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಇದನ್ನು ತಾವಾಗಿ ಸೇವಿಸಲೇಬಾರದು.

ಹಿರಿಯರು ಇದನ್ನು ಹಿರೇಮದ್ದು ಎಂದು ಕರೆದರು, ಹಿರೇತಿಂಡಿ ಎನ್ನಲಿಲ್ಲ. ಆದುದರಿಂದ ಪುಡಿಯನ್ನು ಕೊಳ್ಳುವ ಮುನ್ನ ಇದು ಬೇರಿನದೋ ಎಲೆ ಬೆರೆತದ್ದೋ, ಎಷ್ಟು ತೂಕ, ಎಷ್ಟು ದಿನ ಎಂದು ತಿಳಿದವರನ್ನು ಕೇಳಿರಿ. ನಾಳೆ ವೈದ್ಯರು “ಇನ್ನೇನು ಸೇವಿಸುತ್ತೀರಿ?” ಎಂದು ಕೇಳಿದಾಗ ರಾತ್ರಿಯ ಹಾಲಿನ ಲೋಟದಲ್ಲಿ ಬೆರೆಸಿದ್ದನ್ನೂ ಸೇರಿಸಿ ಹೇಳಿರಿ.