ಸಾವಿಲ್ಲದ ಸರಪಣಿಗಳು

ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ಅರಣ್ಯಶಾಸ್ತ್ರ ಕಾಲೇಜಿನಲ್ಲಿ 1950ರ ದಶಕದಲ್ಲಿ ಮೈಕೆಲ್ ಶ್ವಾರ್ಟ್ಸ್ ಎಂಬ ಪೋಲೆಂಡ್ ಮೂಲದ ರಸಾಯನ ವಿಜ್ಞಾನಿ ಕೆಲಸ ಮಾಡುತ್ತಿದ್ದರು. ನ್ಯಾಫ್ತಲೀನ್‌ಗೆ, ಅಂದರೆ ನಮ್ಮ ನುಸಿಗುಳಿಗೆಯ ವಸ್ತುವಿಗೆ, ಸೋಡಿಯಂ ಒಂದು ಎಲೆಕ್ಟ್ರಾನ್ ಕೊಟ್ಟಾಗ ಕಡುಹಸಿರು ದ್ರಾವಣ ಸಿಗುತ್ತದೆ. ಆ ಎಲೆಕ್ಟ್ರಾನನ್ನು ಸ್ಟೈರೀನ್‌ಗೆ ದಾಟಿಸಿದರೆ ಏನಾಗುತ್ತದೆಂದು ಶ್ವಾರ್ಟ್ಸ್ ಸಹವಿಜ್ಞಾನಿ ಸ್ಯಾಮ್ ವೈಸ್‌ಮನ್‌ರನ್ನು ಕೇಳಿದರು. ಅದರಿಂದ ಉಪಯೋಗವಿಲ್ಲ, ಸ್ಟೈರೀನ್ ಅಣುಗಳು ಕೊಂಡಿಗಳಂತೆ ಸೇರಿ ಉದ್ದ ಸರಪಣಿ, ಅಂದರೆ ಪಾಲಿಮರ್, ಆಗಿಬಿಡುತ್ತವೆ ಎಂಬ ಉತ್ತರ ಬಂತು. ಶ್ವಾರ್ಟ್ಸ್‌ರ ಕುತೂಹಲ ಕೆರಳಿದ್ದೇ ಅಲ್ಲಿ.

ಹಸಿರು ದ್ರಾವಣಕ್ಕೆ ಸ್ಟೈರೀನ್ ಬಿದ್ದೊಡನೆ ಬಣ್ಣ ಚೆರ್ರಿ ಕೆಂಪಿಗೆ ತಿರುಗಿತು. ಸ್ಟೈರೀನ್ ಪೂರ್ತಿ ಮುಗಿದ ಮೇಲೂ ಆ ಕೆಂಪು ಮಾಸಲಿಲ್ಲ. ಇನ್ನಷ್ಟು ಸ್ಟೈರೀನ್ ಸುರಿದಾಗ ದ್ರಾವಣ ಮತ್ತೂ ಗಟ್ಟಿಯಾಯಿತು. ಹೊಸ ಸರಪಣಿಗಳು ಹುಟ್ಟಿರಲಿಲ್ಲ, ಹಳೆಯವೇ ಮತ್ತೆ ಬೆಳೆದಿದ್ದವು. 1956ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಶ್ವಾರ್ಟ್ಸ್ ಇವನ್ನು ‘ಜೀವಂತ ಪಾಲಿಮರ್’ ಎಂದು ಕರೆದರು.

ಇದರ ಮಹತ್ವ ತಿಳಿಯಬೇಕಾದರೆ ಸಾಮಾನ್ಯ ಸರಪಣಿ ಹೇಗೆ ಸಾಯುತ್ತದೆಂದು ನೋಡಬೇಕು. ಥರ್ಮೋಕೋಲಿನ ಪಾಲಿಸ್ಟೈರೀನ್ ತಯಾರಾಗುವುದು ಫ್ರೀ ರ‍್ಯಾಡಿಕಲ್‌ಗಳ ಮೂಲಕ. ಬೆಳೆಯುವ ಸರಪಣಿಯ ತುದಿಯಲ್ಲಿ ಅಲ್ಲಿ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇರುತ್ತದೆ. ಅಂಥ ಎರಡು ತುದಿಗಳು ಎದುರಾದರೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಎರಡರ ಬೆಳವಣಿಗೆಯೂ ನಿಲ್ಲುತ್ತದೆ. ಒಂದು ಸರಪಣಿ ಈಗ ಹುಟ್ಟಿ ಈಗಲೇ ಮುಗಿಯುತ್ತದೆ, ಇನ್ನೊಂದು ಆಮೇಲೆ ಹುಟ್ಟುತ್ತದೆ. ಹಾಗಾಗಿ ಉದ್ದಗಳು ಅಡ್ಡಾದಿಡ್ಡಿ.

ಶ್ವಾರ್ಟ್ಸ್‌ರ ಸರಪಣಿಯ ತುದಿಯಲ್ಲಿರುವುದು ಋಣಾವೇಶ ಹೊತ್ತ ಇಂಗಾಲ. ಪಕ್ಕದ ಬೆಂಜೀನ್ ಉಂಗುರ ಆ ಆವೇಶವನ್ನು ತನ್ನ ಮೈಗೂ ಹಂಚಿಕೊಂಡು ತುದಿಗೆ ತಾಳಿಕೆ ಕೊಡುತ್ತದೆ. ಋಣಕ್ಕೆ ಋಣ ವಿಕರ್ಷಣೆ, ಆದ್ದರಿಂದ ಎರಡು ತುದಿಗಳು ಕೂಡಿಕೊಳ್ಳುವುದಿಲ್ಲ. ಸರಪಣಿ ತಾನಾಗಿ ಸಾಯುವ ದಾರಿಯೇ ಮುಚ್ಚಿಹೋಗುತ್ತದೆ.

ಸಾವು ತಪ್ಪಿದರೆ ಲೆಕ್ಕ ಕೈಗೆ ಬರುತ್ತದೆ. ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು, ನಡುವೆ ಯಾರೂ ಏಳದೆ, ಬಡಿಸುವವರು ಸಮನಾಗಿ ಬಡಿಸಿದರೆ ಪಾಲು ಎಷ್ಟೆಂದು ಭಾಗಿಸಿ ಹೇಳಬಹುದಲ್ಲ, ಹಾಗೆ. ಕ್ರಿಯೆಯನ್ನು ಶುರುಮಾಡಲು ಬಳಸುವ ಬ್ಯುಟೈಲ್ ಲಿಥಿಯಂನ ಒಂದು ಅಣು ಒಂದು ಸರಪಣಿ ಹುಟ್ಟಿಸುತ್ತದೆ. ಅದರ ಪ್ರತಿ ಅಣುವಿಗೆ 100 ಸ್ಟೈರೀನ್ ಅಣುಗಳಿದ್ದರೆ ಸರಪಣಿಗಳ ಸರಾಸರಿ ಉದ್ದ 100 ಕೊಂಡಿ. ಸ್ಟೈರೀನ್‌ನ ಅಣುತೂಕ 104, ಆದ್ದರಿಂದ ಸರಪಣಿಯ ತೂಕ ಸುಮಾರು 10,400. ಸೋಡಿಯಂ-ನ್ಯಾಫ್ತಲೀನ್ ಬಳಸಿದರೆ ಸರಪಣಿ ಎರಡೂ ತುದಿಯಿಂದ ಬೆಳೆಯುತ್ತದೆ, ಅದರ ಉದ್ದ ಇಮ್ಮಡಿಯಾಗುತ್ತದೆ. ಹೀಗೆ ಬಹುಪಾಲು ಒಂದೇ ಅಳತೆಗೆ ಬರುವ ಪಾಲಿಸ್ಟೈರೀನನ್ನು ಇತರ ಪಾಲಿಮರ್‌ಗಳ ತೂಕ ಅಳೆಯುವ ಉಪಕರಣಗಳಿಗೆ ಮಾನದಂಡವಾಗಿ ಬಳಸುತ್ತಾರೆ.

ಸ್ಟೈರೀನ್ ಕಡಿಮೆ ಹಾಕಿದರೆ ಕೆಲವೇ ಕೊಂಡಿಗಳ ತುಣುಕು, ಅಂದರೆ ಆಲಿಗೋಮರ್, ಸಿಗುತ್ತದೆ. ಸ್ಟೈರೀನ್‌ನ ದಾಯಾದಿಯಾದ ಆಲ್ಫಾ-ಮೀಥೈಲ್‌ಸ್ಟೈರೀನ್‌ನ ವರ್ತನೆ ಇನ್ನೂ ಸೊಗಸು. ಕೋಣೆಯ ಉಷ್ಣತೆಯ ತೆಳು ದ್ರಾವಣದಲ್ಲಿ ಸೋಡಿಯಂ ಜೊತೆ ಅದು ನಾಲ್ಕು ಕೊಂಡಿಗೆ ನಿಲ್ಲುತ್ತದೆ, ಏಕೆಂದರೆ ಆ ಶಾಖದಲ್ಲಿ ಸೇರುವಷ್ಟೇ ಸುಲಭವಾಗಿ ಕೊಂಡಿ ಕಳಚಿಯೂ ಹೋಗುತ್ತದೆ. ದ್ರಾವಣವನ್ನು ಚೆನ್ನಾಗಿ ತಣಿಸಿದರೆ ಅದೇ ತುಣುಕು ಉದ್ದ ಸರಪಣಿಯಾಗಿ ಬೆಳೆಯುತ್ತದೆ.

ಈ ಸರಪಣಿಗಳಿಗೆ ಶತ್ರುಗಳು ಹೊರಗಿನಿಂದ ಬರುತ್ತವೆ. ಒಂದಿಷ್ಟು ನೀರಿನ ಪಸೆ, ಆಮ್ಲಜನಕ ಅಥವಾ ಇಂಗಾಲದ ಡೈಆಕ್ಸೈಡ್ ತಾಗಿದರೂ ಕೆಂಪು ಬಣ್ಣ ಹೋಗುತ್ತದೆ, ಬೆಳವಣಿಗೆ ಮುಗಿಯುತ್ತದೆ. ಅದಕ್ಕೇ ಗಾಜಿನ ಪಾತ್ರೆಗಳನ್ನು ನಿರ್ವಾತದಲ್ಲಿ ಬೆಸೆದು ಮುಚ್ಚಿ ಪ್ರಯೋಗ ನಡೆಸುತ್ತಿದ್ದರು. ಇದೇ ಬಗೆಯ ಕ್ರಿಯೆ ನಮ್ಮ ಮನೆಯಲ್ಲೂ ನಡೆಯುತ್ತದೆ, ತಿರುಗುಮುರುಗಾಗಿ. ಫೆವಿಕ್ವಿಕ್‌ನಂಥ ಅಂಟಿನಲ್ಲಿರುವ ಸಯನೋಆಕ್ರಿಲೇಟ್ ಋಣಾವೇಶವನ್ನು ಎಷ್ಟು ಚೆನ್ನಾಗಿ ತಾಳುತ್ತದೆಂದರೆ, ಗಾಳಿಯ ತೇವ, ಬೆರಳಿನ ಬೆವರು ಕೂಡ ಅದರ ಸರಪಣಿಯನ್ನು ಶುರುಮಾಡಲು ಸಾಕು. ಸ್ಟೈರೀನ್ ಸರಪಣಿಯನ್ನು ಕೊಲ್ಲುವ ನೀರೇ ಇಲ್ಲಿ ಹುಟ್ಟಿಸುವ ಕೆಲಸ ಮಾಡುತ್ತದೆ.

ಜೀವಂತ ತುದಿಯ ದೊಡ್ಡ ವರವೆಂದರೆ ಬೇರೆ ಮೋನೊಮರ್, ಅಂದರೆ ಕೊಂಡಿಯಾಗಬಲ್ಲ ಬೇರೆ ಅಣು, ಕೊಟ್ಟರೂ ಅದು ಸ್ವೀಕರಿಸುವುದು. ಮೊದಲು ಸ್ಟೈರೀನ್, ನಂತರ ಬ್ಯುಟಾಡೈಯೀನ್, ಮತ್ತೆ ಸ್ಟೈರೀನ್ ಹಾಕಿದರೆ ಎರಡು ಬದಿಗೆ ಗಟ್ಟಿ ತುಂಡು, ನಡುವೆ ರಬ್ಬರ್ ಇರುವ ಒಂದೇ ಸರಪಣಿ ದೊರಕುತ್ತದೆ. ಗಟ್ಟಿ ತುದಿಗಳು ಒಂದೆಡೆ ಗುಂಪುಗೂಡಿ ರಬ್ಬರನ್ನು ಕಟ್ಟಿಹಿಡಿಯುತ್ತವೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಗುಂಪುಗಳು ಮೆದುವಾಗುತ್ತವೆ, ಆರಿದಾಗ ಮತ್ತೆ ಬಿಗಿಯಾಗುತ್ತವೆ. ಗಂಧಕ ಬೆರೆಸಿ ಬೇಯಿಸಿದ ಟೈರಿನ ರಬ್ಬರನ್ನು ಹೀಗೆ ಕರಗಿಸಿ ಮರುರೂಪಿಸಲಾಗದು, ಇದನ್ನು ಆಗುತ್ತದೆ. ಶ್ವಾರ್ಟ್ಸ್‌ರ ಶಿಷ್ಯ ರಾಲ್ಫ್ ಮಿಲ್ಕೊವಿಚ್ ಶೆಲ್ ಕಂಪನಿಗೆ ಹೋದ ಮೇಲೆ ಅಲ್ಲಿ ಈ ವಸ್ತು ರೂಪುಗೊಂಡು, 1960ರ ದಶಕದಲ್ಲಿ ಕ್ರೇಟನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂದು ಅದು ಪಾದರಕ್ಷೆಯ ಅಟ್ಟೆಯಲ್ಲಿದೆ, ಅಂಟುಪಟ್ಟಿಯಲ್ಲಿದೆ. ಬಿಸಿಲಿಗೆ ಮೆದುವಾಗದಂತೆ, ಚಳಿಗೆ ಬಿರಿಯದಂತೆ ಹೆದ್ದಾರಿಯ ಡಾಂಬರಿಗೂ ಬೆರೆಸುತ್ತಾರೆ.

ಉಪಯೋಗವಿಲ್ಲವೆಂದು ಪಕ್ಕಕ್ಕಿಟ್ಟ ಫಲಿತಾಂಶವೊಂದನ್ನು ಶ್ವಾರ್ಟ್ಸ್ ಗಮನಿಸಿ ನೋಡಿದರು. ಕ್ರಿಯೆ ಮುಗಿಯಿತೆಂದು ಎಲ್ಲರೂ ಕೈತೊಳೆಯುವ ಹೊತ್ತಿನಲ್ಲಿ, ಅದು ನಿಜವಾಗಿ ಮುಗಿದಿದೆಯೇ ಎಂದು ಕೇಳಿದರು. ಪದಾರ್ಥವನ್ನು ಅಣುವಿನ ಮಟ್ಟದಲ್ಲಿ ಅಳತೆಗೆ ತಕ್ಕಂತೆ ಹೆಣೆಯುವ ಒಂದು ಇಡೀ ಶಾಸ್ತ್ರ ಆ ಪ್ರಶ್ನೆಯಿಂದ ಬೆಳೆದಿದೆ.