ಹಸುವಿನ ಮೇಲೆ ಪ್ರೀತಿಯೂ ಇರಲಿ, ಪುಸ್ತಕದಲ್ಲಿ ಲೆಕ್ಕವೂ ಇರಲಿ



ಸಂಘದ ಸಾಲದಲ್ಲಿ ಹಸು ಕೊಂಡವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಬೆಳಿಗ್ಗೆ ಎದ್ದ ಕೂಡಲೇ ಒಲೆ ಹಚ್ಚುವ ಮೊದಲು ಕೊಟ್ಟಿಗೆಗೆ ಹೋಗುವವರು ನೀವು. ಹಸುವಿಗೆ ಹೆಸರಿಟ್ಟು ಕರೆಯುತ್ತೀರಿ. ಸಂಕ್ರಾಂತಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುತ್ತೀರಿ. ಅದು ಮೇವು ಬಿಟ್ಟರೆ ನಿಮಗೂ ಊಟ ಸೇರುವುದಿಲ್ಲ. ಆದರೆ ಸಾಲದ ಕಂತು, ಮಕ್ಕಳ ಫೀಸು, ಮನೆ ಸಾಮಾನು ಎಲ್ಲವೂ ಅದೇ ಹಸುವಿನ ಹಾಲಿನಿಂದಲೇ ನಡೆಯಬೇಕು. ಹಸು ಮನೆಯ ಮಗಳೂ ಹೌದು, ನಮ್ಮ ಬಂಡವಾಳವೂ ಹೌದು. ಈ ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಹೇಗೆ ಎಂದು ಈ ಸಲ ನೋಡೋಣ.

ಒಂದು ಕೊಟ್ಟಿಗೆಯ ಕಥೆ

ನಮ್ಮ ಒಂದು ಸಂಘದ ಸದಸ್ಯೆ ಮೂರು ತಿಂಗಳು ಕಂತು ಕಟ್ಟಿರಲಿಲ್ಲ. ಆಕೆಯ ಕೊಟ್ಟಿಗೆಯಲ್ಲಿ ನಾಲ್ಕು ಹಸು. ಎರಡು ಕರೆಯುವವು, ಒಂದು ಏಳು ತಿಂಗಳಿಂದ ಹಾಲೂ ಇಲ್ಲದೆ ಗಬ್ಬವೂ ನಿಲ್ಲದೆ ಖಾಲಿ ನಿಂತದ್ದು, ಮತ್ತೊಂದು ಹಲ್ಲು ಸವೆದ ಮುದಿ ಹಸು ಗೌರಿ. "ಆ ಮುದಿ ಹಸು ಇಟ್ಟುಕೊಂಡೇ ಇವಳು ಹಾಳಾದಳು" ಎಂದು ಸಭೆಯಲ್ಲಿ ಎಲ್ಲರೂ ಹೇಳಿದರು. ಆಕೆಗೆ ಕಣ್ಣೀರು ಬಂತು. "ಅದರ ಹಾಲಲ್ಲೇ ನನ್ನ ಮಗಳ ಓದು ಆಯ್ತು ಸಿಸ್ಟರ್. ಈಗ ಅದನ್ನ ಹೆಂಗೆ ಆಚೆಗೆ ಹಾಕ್ಲಿ?" ಎಂದು ಕೇಳಿದರು.

ನಾವು ಉತ್ತರ ಹೇಳಲಿಲ್ಲ. ಮರುದಿನ ಆಕೆಯ ಮನೆಗೆ ಹೋಗಿ ಕೊಟ್ಟಿಗೆಯ ಪಕ್ಕ ಕುಳಿತು, ಮಗಳ ಹಳೇ ನೋಟ್ ಪುಸ್ತಕದಲ್ಲಿ ಲೆಕ್ಕ ಬರೆದೆವು. ಹಾಲಿಗೆ ಲೀಟರಿಗೆ 35 ರೂಪಾಯಿ, ಹಿಂಡಿಗೆ ಕಿಲೋಗೆ 28 ರೂಪಾಯಿ ಹಿಡಿದೆವು. ಸ್ವಂತ ಹೊಲದ ರಾಗಿ ಹುಲ್ಲಿಗೂ ಹಸಿ ಹುಲ್ಲಿಗೂ ಬೆಲೆ ಹಾಕಿದೆವು. ಹೊಲದ್ದಾದರೂ ಅದು ಪುಕ್ಕಟೆ ಅಲ್ಲ, ಅಲ್ಲವೇ?

ಒಂದು ಹಸು 10 ಲೀಟರ್, ಇನ್ನೊಂದು 6 ಲೀಟರ್ ಕೊಡುತ್ತಿತ್ತು. ದಿನದ ಆದಾಯ 560 ರೂಪಾಯಿ. ಗೌರಿಗೆ ಹಿಂಡಿ ಇಲ್ಲ, ಹುಲ್ಲು ಮಾತ್ರ, ದಿನಕ್ಕೆ 50 ರೂಪಾಯಿ. ಉಳಿದ ಮೂರಕ್ಕೂ "ಭೇದ ಮಾಡಬಾರದು" ಎಂದು ತಲಾ 4 ಕಿಲೋ ಹಿಂಡಿ, ಅಂದರೆ 336 ರೂಪಾಯಿ. ಆ ಮೂರರ ಹುಲ್ಲಿಗೆ ತಲಾ 70ರಂತೆ 210. ಒಟ್ಟು ಖರ್ಚು 596 ರೂಪಾಯಿ. ದಿನಾ 36 ರೂಪಾಯಿ ಕೈಬಿಟ್ಟು ಹೋಗುತ್ತಿತ್ತು. ಆಕೆಯ ಕೂಲಿಯನ್ನು ನಾವಿನ್ನೂ ಸೇರಿಸಿಯೇ ಇರಲಿಲ್ಲ!

ಹಾಗಾದರೆ ನಷ್ಟ ಯಾರಿಂದ? ಏಳು ತಿಂಗಳಲ್ಲಿ ಗೌರಿಗೆ ಆದ ಖರ್ಚು 10,500 ರೂಪಾಯಿ. ಖಾಲಿ ನಿಂತ ಹಸುವಿಗೆ ದಿನಕ್ಕೆ 182ರಂತೆ 38,220 ರೂಪಾಯಿ! ಎಲ್ಲರೂ ಮುದಿ ಹಸುವನ್ನು ಬೈಯುತ್ತಿದ್ದರು. ಮನೆ ಸೋರುತ್ತಿದ್ದದ್ದು ಬೇರೆ ಮೂಲೆಯಲ್ಲಿ. ಪ್ರೀತಿಯಿಂದ ನಷ್ಟ ಬಂದದ್ದಲ್ಲ, ಲೆಕ್ಕ ಇಡದೆ ಇದ್ದದ್ದರಿಂದ ಬಂದದ್ದು.

ಎಲ್ಲಕ್ಕೂ ಒಂದೇ ಸಮ ಹಾಕುವುದು ನ್ಯಾಯವಲ್ಲ

ಬಾಣಂತಿಗೂ, ಶಾಲೆಗೆ ಹೋಗುವ ಮಗುವಿಗೂ ನಾವು ಒಂದೇ ಅಳತೆಯಲ್ಲಿ ಬಡಿಸುತ್ತೇವೆಯೇ? ಹಸುವಿಗೂ ಹಾಗೆಯೇ. ಸೀಮೆ ಹಸುವಿಗೆ ಮೈ ಉಳಿಸಿಕೊಳ್ಳಲು ಅಂದಾಜು ಒಂದೂವರೆ ಕಿಲೋ ಹಿಂಡಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಬೇಕು. 10 ಲೀಟರ್ ಕೊಡುವ ಹಸುವಿಗೆ ಐದೂವರೆ ಕಿಲೋ ಬೇಕಿತ್ತು, ಸಿಗುತ್ತಿದ್ದದ್ದು ನಾಲ್ಕು. ಖಾಲಿ ಹಸುವಿಗೆ ಒಂದೂವರೆ ಸಾಕಿತ್ತು, ಅದಕ್ಕೂ ನಾಲ್ಕು. ಒಬ್ಬಳು ಅರೆಹೊಟ್ಟೆಯಲ್ಲಿ ದುಡಿಯುತ್ತಿದ್ದಳು, ಇನ್ನೊಬ್ಬಳಿಗೆ ಬೊಜ್ಜು. ಬೊಜ್ಜು ಬಂದ ಹಸು ಗಬ್ಬ ನಿಲ್ಲುವುದೂ ಕಷ್ಟ.

ಹಿಂಡಿಯ ಜೊತೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಮರೆಯಬೇಡಿ. ಬದುವಿನಲ್ಲಿ ನೇಪಿಯರ್ ಹುಲ್ಲು, ಬೇಲಿಯಲ್ಲಿ ಅಗಸೆ, ಗ್ಲಿರಿಸಿಡಿಯಾ ಬೆಳೆಸಿದರೆ ಹಿಂಡಿ ಖರ್ಚು ಇಳಿಯುತ್ತದೆ.

ಬೆದೆ ತಪ್ಪಿದರೆ 21 ದಿನ ಹೋಯಿತು

ಕರು ಹಾಕಿದ ಎರಡು ಮೂರು ತಿಂಗಳೊಳಗೆ ಹಸು ಮತ್ತೆ ಗಬ್ಬವಾಗಬೇಕು. ಒಂಬತ್ತು ತಿಂಗಳು ಹೆಚ್ಚುಕಡಿಮೆ ಹತ್ತು ದಿನ ಗಬ್ಬ. ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲು ಬತ್ತಿಸಿ ವಿಶ್ರಾಂತಿ ಕೊಡಬೇಕು. ಹೀಗೆ ಹನ್ನೆರಡು ಹದಿಮೂರು ತಿಂಗಳಿಗೊಂದು ಕರು ಬಂದರೆ ಹೈನುಗಾರಿಕೆ ನಿಲ್ಲುತ್ತದೆ.

ಬೆದೆ 21 ದಿನಕ್ಕೊಮ್ಮೆ ಬರುತ್ತದೆ. ಕೂಗುವುದು, ಗಾಜಿನಂತೆ ತಿಳಿಯಾದ ಲೋಳೆ ಸೋರುವುದು, ಬೇರೆ ಹಸುವಿನ ಮೇಲೆ ಹತ್ತುವುದು, ಹಾಲು ಕಡಿಮೆಯಾಗುವುದು ಇದರ ಗುರುತು. ಕೆಲವು ಹಸು ಕೂಗುವುದೇ ಇಲ್ಲ. ದಿನಾ ಅದರ ಬೆನ್ನು ಸವರುವ ನಿಮಗೆ ಮಾತ್ರ ಅದು ಗೊತ್ತಾಗುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಿ. ತಾರೀಖು ಬರೆದಿಡಿ. ಎರಡು ಮೂರು ತಿಂಗಳಾದ ಮೇಲೆ ಗಬ್ಬ ನಿಂತಿದೆಯೇ ಎಂದು ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ. ಮೂರು ಸಲ ಕೊಡಿಸಿಯೂ ನಿಲ್ಲದಿದ್ದರೆ "ಮುಂದಿನ ಸಲ ನಿಲ್ಲುತ್ತೆ ಬಿಡು" ಎಂದು ಕಾಯಬೇಡಿ, ತೋರಿಸಿ. ನಮ್ಮ ಸದಸ್ಯೆಯ ಹಸುವಿಗೆ ಗರ್ಭಕೋಶದಲ್ಲಿ ಸೋಂಕು ಇತ್ತು. ಚಿಕಿತ್ಸೆ ಆದ ಮೇಲೆ ಎರಡನೇ ಬೆದೆಗೇ ನಿಂತಿತು.

ಪ್ರೀತಿಯೇ ಲಾಭ ತರುವ ಕೆಲಸಗಳು

ಹೊಡೆದು ಬೈದು ಕರೆದರೆ ಹಸು ಹೆದರಿ ಸೊರ ಬಿಡುವುದಿಲ್ಲ. ಮಾತನಾಡಿಸಿ ಕರೆದರೆ ಬಿಡುತ್ತದೆ. ಇದು ಬರೀ ನಂಬಿಕೆಯಲ್ಲ, ಹೆದರಿದ ಹಸುವಿನ ಮೈಯಲ್ಲಿ ಹಾಲು ಇಳಿಸುವ ರಸ ಕೆಲಸ ಮಾಡುವುದಿಲ್ಲ. ಹಾಲಿನಲ್ಲಿ ಬಹುಪಾಲು ನೀರೇ ಇರುವುದರಿಂದ ಕುಡಿಯುವ ನೀರು ಹಗಲೂ ರಾತ್ರಿ ಮುಂದಿರಬೇಕು. ಕರೆದ ಮೇಲೆ ಅರ್ಧ ಗಂಟೆ ಹಸು ಮಲಗದಂತೆ ಮುಂದೆ ಮೇವು ಹಾಕಿ. ಆಗ ಮೊಲೆಯ ತೂತು ತೆರೆದಿರುತ್ತದೆ, ನೆಲದ ಕೊಳಕು ಒಳಗೆ ಹೋಗಿ ಕೆಚ್ಚಲು ಬಾವು ಬರುತ್ತದೆ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ.

ಕಾಲುಬಾಯಿ ಜ್ವರಕ್ಕೆ ಸರ್ಕಾರದ ಲಸಿಕೆ ಉಚಿತ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಗಬ್ಬ ಕಳೆಯುವ ಕಂದು ರೋಗದ ಲಸಿಕೆ ಒಮ್ಮೆ ಹಾಕಿಸಬೇಕು. 2022ರಲ್ಲಿ ಗಂಟು ಚರ್ಮ ರೋಗ ಬಂದಾಗ ಎಷ್ಟು ಕೊಟ್ಟಿಗೆ ಖಾಲಿಯಾದವು ಎಂದು ನಿಮಗೇ ಗೊತ್ತು. "ಸೂಜಿ ಹಾಕಿಸಿದರೆ ಹಾಲು ಕಮ್ಮಿ ಆಗುತ್ತೆ" ಎಂದು ಹಸುವನ್ನು ಹಿತ್ತಲಲ್ಲಿ ಬಚ್ಚಿಡುವುದು ಪ್ರೀತಿಯಲ್ಲ. ಒಂದೆರಡು ದಿನ ಕಮ್ಮಿಯಾಗಬಹುದು, ಜೀವ ಉಳಿಯುತ್ತದೆ. ವಿಮೆ ಮಾಡಿಸಿ, ಕಿವಿಯೋಲೆ ಬಿದ್ದುಹೋದರೆ ಕೂಡಲೇ ಹೊಸದು ಹಾಕಿಸಿ. ಓಲೆ ಇಲ್ಲದಿದ್ದರೆ ವಿಮೆ ಹಣ ಕೈಗೆ ಬರುವುದಿಲ್ಲ.

ಎಷ್ಟು ಹಸು ಸಾಕು?

"ಮನೇಲಿ ಹುಟ್ಟಿದ ಕರು, ಮಾರೋಕೆ ಮನಸ್ಸಿಲ್ಲ" ಎನ್ನುತ್ತಾ ಕೊಟ್ಟಿಗೆ ತುಂಬಿಸಿಕೊಳ್ಳುತ್ತೇವೆ. ಬೇಸಿಗೆಯಲ್ಲಿ ಮೇವು ಮುಗಿದಾಗ ಎಲ್ಲವೂ ಸೊರಗುತ್ತವೆ. ಆರು ಹಸುವನ್ನು ಅರೆಹೊಟ್ಟೆಯಲ್ಲಿ ಇಡುವುದಕ್ಕಿಂತ ಮೂರನ್ನು ತುಂಬಿದ ಹೊಟ್ಟೆಯಲ್ಲಿ ಇಡುವುದು ದೊಡ್ಡ ಪ್ರೀತಿ. ಬಣವೆಯಲ್ಲಿ ಎಷ್ಟು ಹುಲ್ಲಿದೆ, ಮನೆಯಲ್ಲಿ ಎಷ್ಟು ಕೈ ಇವೆ ಎಂದು ನೋಡಿ ಸಂಖ್ಯೆ ನಿಶ್ಚಯಿಸಿ. ಹೆಚ್ಚಿನ ಕಡಸನ್ನು ಚೆನ್ನಾಗಿ ಸಾಕಿ ಗಬ್ಬ ಕಟ್ಟಿಸಿ, ಸಂಘದ ಇನ್ನೊಬ್ಬ ಸದಸ್ಯೆಗೆ ಕೊಟ್ಟರೆ ಹಣವೂ ಬರುತ್ತದೆ, ಕಣ್ಣೆದುರಿಗೂ ಇರುತ್ತದೆ.

ಸೀಮೆ ಹಸುವಿನ ಗಂಡು ಕರುವಿಗೆ ಈಗ ಉಳುಮೆಯಲ್ಲಿ ಕೆಲಸ ಕಡಿಮೆ. ಹೆಣ್ಣು ಕರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯದ ಕಡ್ಡಿ ಈಗ ಸಿಗುತ್ತದೆ. ಸುಮಾರು ಹತ್ತರಲ್ಲಿ ಒಂಬತ್ತು ಹೆಣ್ಣೇ ಹುಟ್ಟುತ್ತವೆ. ಪಶು ಆಸ್ಪತ್ರೆಯಲ್ಲಿ ಕೇಳಿ.

ಗೌರಿಗೆ ಪಿಂಚಣಿ

ಕೊನೆಗೆ ಕಷ್ಟದ ಪ್ರಶ್ನೆ. ವಯಸ್ಸಾದ ಹಸುವನ್ನು ಏನು ಮಾಡುವುದು? ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂತು. ಎಷ್ಟೇ ವಯಸ್ಸಾದ ಹಸು, ಹೋರಿ, ಎತ್ತನ್ನು ಕಸಾಯಿಗೆ ಕೊಡುವಂತಿಲ್ಲ. ಹಾಗಾಗಿ ಸಾಕುವವರು ಸಿಕ್ಕರೆ ಕೊಡಬೇಕು, ಗೋಶಾಲೆಯಲ್ಲಿ ಜಾಗವಿದ್ದರೆ ಬಿಡಬೇಕು, ಇಲ್ಲವೇ ನಾವೇ ನೋಡಿಕೊಳ್ಳಬೇಕು. ರಾತ್ರಿ ಹಗ್ಗ ಬಿಚ್ಚಿ ರಸ್ತೆಗೆ ಅಟ್ಟುವುದು ಮಾತ್ರ ಬೇಡ. ಅದು ಪ್ಲಾಸ್ಟಿಕ್ ತಿಂದು ಸಾಯುತ್ತದೆ, ಇಲ್ಲವೇ ಯಾರದೋ ಬೆಳೆ ಮೇಯುತ್ತದೆ.

ಹಾಗಾದರೆ ಖರ್ಚು? ಅದನ್ನು ಹಸುವೇ ಮೊದಲೇ ದುಡಿದಿಡಲಿ! ಹಾಲು ಕೊಡುವ 300 ದಿನವೂ ದಿನಕ್ಕೆ ಹತ್ತು ರೂಪಾಯಿ ಅದರ ಹೆಸರಲ್ಲಿ ಎತ್ತಿಟ್ಟರೆ ಒಂದು ಸೂಲಿಗೆ 3,000, ಆರು ಸೂಲಿಗೆ 18,000 ರೂಪಾಯಿ. ಗೌರಿಯಂಥ ಹಸುವಿನ ಒಂದು ವರ್ಷದ ಹುಲ್ಲಿನ ಖರ್ಚು ಹೆಚ್ಚುಕಡಿಮೆ ಅಷ್ಟೇ. ಮೇಲಾಗಿ ಅದು ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುತ್ತದೆ. ವರ್ಷಕ್ಕೆ ಮೂರೂವರೆ ಟನ್ನಿಗೂ ಹೆಚ್ಚು. ತಿಪ್ಪೆ ಗುಂಡಿಗೆ ನೆರಳು ಮಾಡಿ ಗೊಬ್ಬರ ಮಾಡಿದರೆ ಅಂಗಡಿ ಗೊಬ್ಬರದ ಖರ್ಚು ಇಳಿಯುತ್ತದೆ. ಆದರೂ ಒಂದು ಮನೆಗೆ ಒಂದು ಮುದಿ ಹಸುವನ್ನು ಸಾಕುವ ಶಕ್ತಿ ಇರಬಹುದು, ಮೂರಕ್ಕೆ ಇರಲಾರದು. ಇದನ್ನು ಹಸು ಕೊಳ್ಳುವ ದಿನವೇ ಯೋಚಿಸಬೇಕು.

ನಮ್ಮ ಸದಸ್ಯೆ ಹಿಂಡಿಯನ್ನು ಹಾಲಿಗೆ ತಕ್ಕಂತೆ ಹಂಚಿದರು. ಹಿಂಡಿ ದಿನಕ್ಕೆ ಒಂದು ಕಿಲೋ ಉಳಿಯಿತು, ಹಾಲು ಒಂದು ಲೀಟರ್ ಏರಿತು. ದಿನಕ್ಕೆ 36 ರೂಪಾಯಿ ಹೋಗುತ್ತಿದ್ದ ಕಡೆ 27 ರೂಪಾಯಿ ಉಳಿಯತೊಡಗಿತು. ಕಂತನ್ನು ಮತ್ತೆ ಕಟ್ಟಲು ಶುರುಮಾಡಿದ್ದಾರೆ. ಬಾಕಿ ಇನ್ನೂ ತೀರಿಲ್ಲ, ಖಾಲಿ ಇದ್ದ ಹಸು ಕರು ಹಾಕಿದ ಮೇಲೆ ತೀರಿಸುತ್ತೇನೆ ಎಂದಿದ್ದಾರೆ. ಗೌರಿ ಕೊಟ್ಟಿಗೆಯಲ್ಲೇ ಇದ್ದಾಳೆ.

ಮುಂದಿನ ಸಭೆಯಲ್ಲಿ ಮಾತನಾಡಲು

1. ನಿಮ್ಮ ಪ್ರತಿ ಹಸುವಿನ ದಿನದ ಹಾಲು, ಹಿಂಡಿ, ಹುಲ್ಲು ಒಂದು ವಾರ ಬರೆದು ತನ್ನಿ. ನಿಮ್ಮೂರಿನ ದರ ಹಾಕಿ.

2. ಅದರ ಪಕ್ಕದಲ್ಲೇ ನೀವು ಕೊಟ್ಟಿಗೆಯಲ್ಲಿ ದುಡಿದ ಗಂಟೆಗಳನ್ನೂ ಬರೆಯಿರಿ. ಅದಕ್ಕೆ ಕೂಲಿ ಎಷ್ಟಾಯಿತು?

3. ಹಾಲಿನ ಬಟವಾಡೆ ಯಾರ ಹೆಸರಿಗೆ ಬರುತ್ತದೆ? ಸಗಣಿ ಎತ್ತುವವರ ಹೆಸರಿಗೋ, ಬೇರೆಯವರ ಹೆಸರಿಗೋ?

4. ಹತ್ತು ರೂಪಾಯಿಯ ಪಿಂಚಣಿ ಡಬ್ಬಿಯನ್ನು ನಮ್ಮ ಸಂಘದಲ್ಲೇ ಶುರುಮಾಡಬಹುದೇ?

ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ. ಹಸುವಿನ ಹೆಸರು ಮಾತ್ರ ಮೇಲೆ ದೊಡ್ಡದಾಗಿ ಬರೆಸಿ. ಲೆಕ್ಕ ಯಾರಿಗಾಗಿ ಇಡುತ್ತಿದ್ದೇವೆ ಎಂದು ನೆನಪಿರಲಿ.