ಎನ್‌ಬಿಎಯಲ್ಲಿ 17 ನಿಮಿಷ, ಉತ್ಸುನೊಮಿಯಾದಲ್ಲಿ 17 ವರ್ಷ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ದಾಖಲೆಯಲ್ಲಿ ಯುತಾ ತಬುಸೆ ಹೆಸರಿನ ಮುಂದಿರುವ ಲೆಕ್ಕ ಒಂದೇ ಸಾಲಿನದು: 4 ಪಂದ್ಯ, 17 ನಿಮಿಷ, 7 ಅಂಕ. ಎನ್‌ಬಿಎ ಅಂಗಳಕ್ಕಿಳಿದ ಜಪಾನಿನ ಮೊದಲ ಆಟಗಾರ ಎಂಬ ಬಿರುದು ಅವರಿಗೆ ಅಂಟಿಕೊಂಡು ಎರಡು ದಶಕವಾಯಿತು. (1947ರಲ್ಲೇ ನ್ಯೂಯಾರ್ಕ್ ತಂಡಕ್ಕೆ ಆಡಿದ ವಾಟ್ ಮಿಸಾಕಾ ಜಪಾನಿ ಮೂಲದವರಾದರೂ ಅಮೆರಿಕದಲ್ಲೇ ಹುಟ್ಟಿ ಬೆಳೆದವರು.) ಬಿರುದು ಸುಳ್ಳಲ್ಲ. ಆದರೆ ಅದರ ಅಬ್ಬರದಲ್ಲಿ ತಬುಸೆಯವರ ನಿಜವಾದ ದುಡಿಮೆ ಮರೆಯಾಗಿಬಿಡುತ್ತದೆ ಎಂಬುದು ನನ್ನ ತಕರಾರು.

1980ರಲ್ಲಿ ಯೊಕೊಹಾಮಾದಲ್ಲಿ ಹುಟ್ಟಿದ ತಬುಸೆ ಹೈಸ್ಕೂಲಿಗೆ ಸೇರಿದ್ದು ದೂರದ ಅಕಿತಾ ಪ್ರಾಂತದ ನೊಶಿರೊದಲ್ಲಿ. ಸಮುದ್ರದಂಡೆಯ ಸಣ್ಣ ಊರು ಅದು. ಆದರೆ ಅಲ್ಲಿನ ಟೆಕ್ನಿಕಲ್ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ತಂಡ ದೇಶಕ್ಕೇ ಗೊತ್ತು. ಜಪಾನಿನ ಹೈಸ್ಕೂಲು ತಂಡಗಳಿಗೆ ವರ್ಷಕ್ಕೆ ಮೂರು ದೊಡ್ಡ ರಾಷ್ಟ್ರೀಯ ಟೂರ್ನಿಗಳು. 1996ರಿಂದ 1998ರವರೆಗೆ, ತಬುಸೆ ಓದಿದ ಮೂರೂ ವರ್ಷ, ಮೂರನ್ನೂ ನೊಶಿರೊ ಗೆದ್ದಿತು. ಒಂಬತ್ತಕ್ಕೆ ಒಂಬತ್ತು! ಬ್ಯಾಸ್ಕೆಟ್‌ಬಾಲ್ ಕುರಿತ ಜಪಾನಿ ಚಿತ್ರಕಥೆ (ಮಾಂಗಾ) ‘ಸ್ಲ್ಯಾಮ್ ಡಂಕ್’ ಓದಿದವರಿಗೆ ಅದರಲ್ಲಿನ ಸಾನ್ನೊ ಶಾಲೆಯ ಬಲಾಢ್ಯ ತಂಡ ನೆನಪಿರಬಹುದು. ಅದಕ್ಕೆ ಮಾದರಿ ನೊಶಿರೊ ಎಂದೇ ಅಭಿಮಾನಿಗಳ ಮಾತು. ಆ ಮಾಂಗಾ ಮುಗಿದ 1996ರಲ್ಲೇ ತಬುಸೆ ಆ ಶಾಲೆಯ ಅಂಗಿ ತೊಟ್ಟರು.

ಅವರ ಎತ್ತರ 173 ಸೆಂಟಿಮೀಟರ್, ಅಂದರೆ 5 ಅಡಿ 8 ಇಂಚು. ಬ್ಯಾಸ್ಕೆಟ್‌ಬಾಲಿನಲ್ಲಿ ಇದು ಕುಳ್ಳು ಎಂದೇ ಲೆಕ್ಕ. ಚೆಂಡನ್ನು ಮುಂದಕ್ಕೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವ ಪಾಯಿಂಟ್ ಗಾರ್ಡ್ ಜಾಗದಲ್ಲಿ ಮಾತ್ರ ಇಂಥವರಿಗೆ ಉಳಿಗಾಲ. ವಿಚಿತ್ರ ನೋಡಿ, 1981ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ, ಎನ್‌ಬಿಎ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆರಿಸಿದ್ದ ಯಸುತಾಕಾ ಒಕಾಯಾಮಾ ಏಳೂವರೆ ಅಡಿ ಮೀರಿದ ಆಜಾನುಬಾಹು, ಅವರು ಎನ್‌ಬಿಎಯಲ್ಲಿ ಆಡಲೇ ಇಲ್ಲ. ಬಾಗಿಲು ತೆರೆದದ್ದು ಈ ಕುಳ್ಳನಿಗೆ.

ಹವಾಯಿಯ ಕಾಲೇಜಿನಲ್ಲಿ ಕೆಲಕಾಲ ಕಳೆದು 2002ರಲ್ಲಿ ತಬುಸೆ ಟೊಯೊಟಾ ತಂಡ ಸೇರಿದರು. ಆಗ ಜಪಾನಿನ ದೊಡ್ಡ ತಂಡಗಳು ಬಹುತೇಕ ಕಂಪನಿಗಳವು, ನಮ್ಮಲ್ಲಿ ಬ್ಯಾಂಕು, ರೈಲ್ವೆ ತಂಡಗಳಿದ್ದ ಹಾಗೆ. ಮೊದಲ ವರ್ಷವೇ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಬಂತು. ಸುಮ್ಮನೆ ಅಲ್ಲೇ ಇದ್ದಿದ್ದರೆ ಬದುಕು ಸುಖವಾಗಿ ಸಾಗುತ್ತಿತ್ತು. ಅವರು ಬಿಟ್ಟು ಅಮೆರಿಕಕ್ಕೆ ಹೊರಟರು. ಡೆನ್ವರ್ ತಂಡ ಸೀಸನ್ ಶುರುವಾಗುವ ಮೊದಲೇ ಕೈಬಿಟ್ಟಿತು. ಮರುವರ್ಷ ಫೀನಿಕ್ಸ್ ಸನ್ಸ್ ತಂಡದಲ್ಲಿ ಜಾಗ ಸಿಕ್ಕಿತು.

2004ರ ನವೆಂಬರ್ 3. ಅಟ್ಲಾಂಟಾ ಹಾಕ್ಸ್ ವಿರುದ್ಧ ಸನ್ಸ್ ಭಾರಿ ಅಂತರದಲ್ಲಿ ಮುಂದಿತ್ತು, ಬೆಂಚಿನ ಕೊನೆಯ ಹುಡುಗರನ್ನು ಇಳಿಸುವ ಹೊತ್ತು. ತಬುಸೆ ಇಳಿದು 7 ಅಂಕ ಗಳಿಸಿದರು: ಒಂದು ತ್ರೀ ಪಾಯಿಂಟರ್, ನಾಲ್ಕು ಫ್ರೀ ಥ್ರೋ. ಎನ್‌ಬಿಎಯಲ್ಲಿ ಅವರು ಗಳಿಸಿದ ಅಂಕಗಳೆಲ್ಲ ಇವೇ. ಅದೇ ಬೇಸಿಗೆಯಲ್ಲಿ ತಂಡಕ್ಕೆ ಬಂದಿದ್ದ ಸ್ಟೀವ್ ನ್ಯಾಶ್ ಆ ಸೀಸನ್ನಿನ ಅತ್ಯಮೂಲ್ಯ ಆಟಗಾರರಾದರು, ತಂಡ 62 ಪಂದ್ಯ ಗೆದ್ದಿತು. ನ್ಯಾಶ್ ಆಡುವ ಜಾಗದಲ್ಲೇ ಆಡಬೇಕಾದವನಿಗೆ ಅವಕಾಶ ಎಲ್ಲಿಂದ ಬರಬೇಕು? ಡಿಸೆಂಬರಿನಲ್ಲಿ ತಂಡ ತಬುಸೆಯವರನ್ನು ಕೈಬಿಟ್ಟಿತು. ಆಮೇಲೆ ಆಲ್ಬುಕರ್ಕಿ, ಬೇಕರ್ಸ್‌ಫೀಲ್ಡ್, ಅನಾಹೈಮ್ ಎಂದು ಕೆಳಹಂತದ ಲೀಗಿನಲ್ಲಿ ಊರೂರು ಅಲೆದದ್ದೇ ಬಂತು. ಎನ್‌ಬಿಎ ಸೀಸನ್ನಿನಲ್ಲಿ ಮತ್ತೆ ಆಡುವ ಅವಕಾಶ ಸಿಗಲಿಲ್ಲ.

2008ರಲ್ಲಿ ಊರಿಗೆ ಮರಳಿದಾಗ ಆರಿಸಿಕೊಂಡದ್ದು ಕಂಪನಿಯ ದೊಡ್ಡ ತಂಡವನ್ನಲ್ಲ. ಟೋಕಿಯೊದಿಂದ ಉತ್ತರಕ್ಕೆ ಸುಮಾರು ನೂರು ಕಿಲೊಮೀಟರ್ ದೂರದ ಉತ್ಸುನೊಮಿಯಾ ನಗರದ, ಹಿಂದಿನ ವರ್ಷವಷ್ಟೇ ಕಣ್ಣುಬಿಟ್ಟಿದ್ದ ತೊಚಿಗಿ ಬ್ರೆಕ್ಸ್ ತಂಡ ಅದು. ಗ್ಯೋಜಾ ಕಡುಬಿಗೆ ಹೆಸರಾದ ಊರು, ಬ್ಯಾಸ್ಕೆಟ್‌ಬಾಲಿಗಲ್ಲ. ತಬುಸೆ ಬಂದ ಎರಡನೇ ಸೀಸನ್ನಿಗೇ ತಂಡ ಚಾಂಪಿಯನ್.

ಆದರೆ ದೇಶದ ಬ್ಯಾಸ್ಕೆಟ್‌ಬಾಲ್ ಎರಡು ಪ್ರತಿಸ್ಪರ್ಧಿ ಲೀಗುಗಳ ಜಗಳದಲ್ಲಿ ಒದ್ದಾಡುತ್ತಿತ್ತು. ರೋಸಿಹೋದ ಅಂತರರಾಷ್ಟ್ರೀಯ ಒಕ್ಕೂಟ ಫೀಬಾ 2014ರ ನವೆಂಬರಿನಲ್ಲಿ ಜಪಾನನ್ನೇ ಅಮಾನತು ಮಾಡಿತು. ಮನೆ ಸರಿಪಡಿಸಲು ಕರೆತಂದದ್ದು ಫುಟ್‌ಬಾಲಿನ ಜೆ ಲೀಗ್ ಕಟ್ಟಿದ ಸಬುರೊ ಕವಾಬುಚಿಯವರನ್ನು. ಎರಡೂ ಲೀಗುಗಳನ್ನು ಒಂದುಗೂಡಿಸಿ 2016ರಲ್ಲಿ ಬಿ ಲೀಗ್ ಶುರುವಾಯಿತು. ಅದರ ಮೊದಲ ಸೀಸನ್ನಿನ ಚಾಂಪಿಯನ್ ಬ್ರೆಕ್ಸ್, ನಾಯಕ 36ರ ತಬುಸೆ. ಹೊಸ ಲೀಗಿಗೆ ಜನರನ್ನು ಸೆಳೆಯಬಲ್ಲ ಮುಖ ಬೇಕಿದ್ದಾಗ ಅವರು ದೇಶದಲ್ಲೇ ಇದ್ದರು, ಆಡುತ್ತಲೂ ಇದ್ದರು. ಫೀನಿಕ್ಸಿನ ಆ ರಾತ್ರಿಗಿಂತ ಜಪಾನಿನ ಆಟಕ್ಕೆ ಉಪಕಾರವಾದದ್ದು ಇದು.

ಎನ್‌ಬಿಎಗೆ ಜಪಾನಿನ ಎರಡನೇ ಆಟಗಾರ, ಯುತಾ ವತನಾಬೆ, ಕಾಲಿಡಲು 14 ವರ್ಷ ಹಿಡಿಯಿತು. 2019ರಲ್ಲಿ ರುಯಿ ಹಚಿಮುರಾ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಇಬ್ಬರೂ ಆರಡಿ ಎಂಟು ಇಂಚಿನ ಆಸುಪಾಸಿನವರು, ಅಮೆರಿಕದ ಕಾಲೇಜುಗಳಲ್ಲಿ ಪಳಗಿದವರು. 2024ರಲ್ಲಿ ಮೆಂಫಿಸ್ ತಂಡಕ್ಕೆ ಆಡಿದ ಯುಕಿ ಕವಾಮುರಾ ಬೇರೆ ಜಾತಿ. ಎತ್ತರ ಹೆಚ್ಚುಕಡಿಮೆ ತಬುಸೆಯಷ್ಟೇ, ಆಡುವ ಜಾಗವೂ ಅದೇ. ಅವರು ಹೆಸರು ಮಾಡಿದ್ದು ಬಿ ಲೀಗಿನಲ್ಲಿ.

2019ರಿಂದ ಉತ್ಸುನೊಮಿಯಾ ಬ್ರೆಕ್ಸ್ ಎಂದು ಹೆಸರು ಬದಲಿಸಿಕೊಂಡ ತಂಡ 2022ರಲ್ಲಿ ಮತ್ತೆ ಗೆದ್ದಿತು, 2025ರ ಮೇ ತಿಂಗಳಲ್ಲಿ ಮೂರನೇ ಬಾರಿ ಬಿ ಲೀಗ್ ಪ್ರಶಸ್ತಿ ಎತ್ತಿತು. ಅಂದಿನ ಆಟಗಾರರ ಪಟ್ಟಿಯಲ್ಲಿ ತಬುಸೆ ಹೆಸರಿತ್ತು. ವಯಸ್ಸು 44.